ಗೋಡೆಯ ಕೋಷ್ಟಕ ಹೇಳದ ಮಾತು
ಆಲಮಟ್ಟಿ ಸೀಮೆಯ ನೀರು, ಜೋಳ ಮತ್ತು ದೇಹದ ಖನಿಜ ಸಮತೋಲನ

ಪ್ರೌಢಶಾಲೆಯ ವಿಜ್ಞಾನ ಕೊಠಡಿಯಲ್ಲಿ ತೂಗುಹಾಕಿರುವ ಒಂದು ಕೋಷ್ಟಕವನ್ನು ನಾವೆಲ್ಲರೂ ನೋಡಿದ್ದೇವೆ. ಮೊದಲ ಸಾಲಿನಲ್ಲಿ ಖನಿಜದ ಹೆಸರು, ಎರಡನೆಯದರಲ್ಲಿ ಅದು ದೊರೆಯುವ ಆಹಾರ, ಮೂರನೆಯದರಲ್ಲಿ ಅದರ ಕೊರತೆಯಿಂದ ಬರುವ ರೋಗ. ಕ್ಯಾಲ್ಸಿಯಂ, ಹಾಲು, ಮೂಳೆಗಳ ದೌರ್ಬಲ್ಯ. ಕಬ್ಬಿಣ, ಹಸಿರು ಸೊಪ್ಪು, ರಕ್ತಹೀನತೆ. ಅಯೋಡಿನ್, ಉಪ್ಪು, ಗಳಗಂಡ. ಫ್ಲೋರಿನ್, ಕುಡಿಯುವ ನೀರು, ದಂತಕ್ಷಯ. ವಿದ್ಯಾರ್ಥಿ ಇದನ್ನು ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ ಹೊಂದಿಸಿ ಬರೆಯುತ್ತಾನೆ. ಪೂರ್ಣ ಅಂಕ ಪಡೆಯುತ್ತಾನೆ.

ಈ ಕೋಷ್ಟಕವನ್ನು ಆಲಮಟ್ಟಿಯ ಸುತ್ತಲಿನ ಒಂದು ಶಾಲೆಗೆ ಒಯ್ಯೋಣ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿ, ಪಕ್ಕದ ಮುದ್ದೇಬಿಹಾಳ, ಉತ್ತರದ ಸಿಂದಗಿ ಮತ್ತು ಇಂಡಿ ಇವೆಲ್ಲ ವಿಜಯಪುರ ಜಿಲ್ಲೆಯವು. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದ ಭಾಗಗಳುಳ್ಳ ಜಿಲ್ಲೆಗಳೆಂದು ಕೇಂದ್ರೀಯ ಅಂತರ್ಜಲ ಮಂಡಳಿ ಗುರುತಿಸಿರುವ ಕರ್ನಾಟಕದ ಜಿಲ್ಲೆಗಳಲ್ಲಿ ಇದೂ ಒಂದು. ಇಂಥ ಊರಿನ ತರಗತಿಯಲ್ಲಿ ಮುಂಬಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಇರುವ ಮಗು ಕುಳಿತಿರುತ್ತದೆ. ಅದರ ತಲೆಯ ಮೇಲಿನ ಕೋಷ್ಟಕ ಹೇಳುವುದು ಒಂದೇ ಮಾತು: ಫ್ಲೋರಿನ್ ಕಡಿಮೆಯಾದರೆ ಹಲ್ಲು ಹಾಳು. ಮಗುವಿನ ಹಲ್ಲು ಹಾಳಾಗಿರುವುದು ಫ್ಲೋರಿನ್ ಹೆಚ್ಚಾಗಿ. ಕೋಷ್ಟಕದಲ್ಲಿ ಆ ಮಗುವಿಗೆ ಜಾಗವೇ ಇಲ್ಲ. ಎಷ್ಟೋ ವೇಳೆ "ಹಲ್ಲು ತಿಕ್ಕುವುದಿಲ್ಲವೇನು?" ಎಂಬ ಗದರಿಕೆಯೂ ಅದರ ಪಾಲಿಗೆ ಬರುತ್ತದೆ. ತಿಕ್ಕಿದರೆ ಹೋಗುವ ಕಲೆ ಅದಲ್ಲ.

ಖನಿಜಗಳ ಬಗ್ಗೆ ನಾವು ಬರೆಯುವ ಮತ್ತು ಕಲಿಸುವ ರೀತಿಯನ್ನೇ ಪರಿಶೀಲಿಸಬೇಕಾದ ಕಾರಣ ಇಲ್ಲಿದೆ. ಜನಪ್ರಿಯ ವಿಜ್ಞಾನ ಲೇಖನಗಳು, ಆರೋಗ್ಯ ಪುರವಣಿಗಳು, ಗೈಡುಗಳು ಎಲ್ಲವೂ ಇದೇ ಕೋಷ್ಟಕವನ್ನು ವಾಕ್ಯಗಳಲ್ಲಿ ಬಿಡಿಸಿ ಬರೆಯುತ್ತವೆ. ತಪ್ಪು ಮಾಹಿತಿ ಕೊಡುತ್ತವೆ ಎಂಬುದು ನಮ್ಮ ಆಕ್ಷೇಪವಲ್ಲ. ಪ್ರತಿ ಸಾಲೂ ಬಿಡಿಯಾಗಿ ನಿಜವೇ. ಆದರೆ ದೇಹದಲ್ಲಿ ಖನಿಜಗಳು ಬಿಡಿಬಿಡಿಯಾಗಿ ಇರುವುದಿಲ್ಲ.

ಕೋಷ್ಟಕದ ಸಾಧನೆ, ಕೋಷ್ಟಕದ ಮಿತಿ

ಮೊದಲು ನ್ಯಾಯವಾದ ಮಾತು. "ಒಂದು ಖನಿಜದ ಕೊರತೆ, ಒಂದು ರೋಗ" ಎಂಬ ಆಲೋಚನೆಯಿಂದ ದೊಡ್ಡ ಉಪಕಾರವಾಗಿದೆ. ಅಯೋಡಿನ್ ಅದರ ಅತ್ಯುತ್ತಮ ಉದಾಹರಣೆ. ಭಾರತದಲ್ಲಿ 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಕೊರತೆ ಯಾವುದೆಂದು ಖಚಿತವಾಗಿ ಗೊತ್ತಿತ್ತು. ಎಲ್ಲರೂ ದಿನವೂ ಬಳಸುವ ಉಪ್ಪು ಎಂಬ ವಾಹಕವೂ ಸಿಕ್ಕಿತು. ಕಾರಣ ಒಂದೇ ಆದಲ್ಲಿ ಮದ್ದೂ ಒಂದೇ ಆಗಿ ಫಲ ಕೊಟ್ಟಿತು.

ಎಲ್ಲ ಖನಿಜಗಳೂ ಹೀಗೆ ಸರಳವಲ್ಲ. ಕೋಷ್ಟಕದ ದೋಷಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಒಂದು, ಅದು ಕೊರತೆಯನ್ನು ಮಾತ್ರ ಹೇಳುತ್ತದೆ, ಅತಿಯಾದಾಗ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಎರಡು, ಪ್ರಮಾಣ ಕೊಡುವುದಿಲ್ಲ. ದಿನಕ್ಕೆ ಗ್ರಾಂ ಲೆಕ್ಕದಲ್ಲಿ ಬೇಕಾದ ಕ್ಯಾಲ್ಸಿಯಂ ಮತ್ತು ಮೈಕ್ರೋಗ್ರಾಂ ಲೆಕ್ಕದಲ್ಲಿ ಬೇಕಾದ ಮಾಲಿಬ್ಡಿನಂ ಅಲ್ಲಿ ಸರಿಸಮನಾಗಿ ಕುಳಿತಿರುತ್ತವೆ. ಮೂರು, ಒಂದು ಖನಿಜ ಇನ್ನೊಂದನ್ನು ತಡೆಯುವ, ಹೊರದೂಡುವ ಅಥವಾ ಬೇಡುವ ಸಂಬಂಧವನ್ನು ಅದು ತೋರಿಸುವುದಿಲ್ಲ. ನಾಲ್ಕು, ಅದಕ್ಕೆ ಊರಿಲ್ಲ. ಕಾರವಾರಕ್ಕೂ ಮುದ್ದೇಬಿಹಾಳಕ್ಕೂ ಒಂದೇ ಕೋಷ್ಟಕ.

ಮೂರನೆಯ ದೋಷಕ್ಕೆ ಒಂದು ಉದಾಹರಣೆ ಸಾಕು. ಸತು ಅಗತ್ಯವಾದ ಖನಿಜ; ಕೋಷ್ಟಕದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಕುಡಗೋಲು ಕಣ ರಕ್ತಹೀನತೆಯ ಚಿಕಿತ್ಸೆಗಾಗಿ ದಿನಕ್ಕೆ 150 ಮಿಲಿಗ್ರಾಂ ಸತುವನ್ನು ದೀರ್ಘಕಾಲ ಕೊಟ್ಟಾಗ ತಾಮ್ರದ ಕೊರತೆ ಉಂಟಾದುದನ್ನು ಆನಂದ ಪ್ರಸಾದ್ ಮತ್ತು ಸಂಗಡಿಗರು 1978ರಲ್ಲಿ ವರದಿ ಮಾಡಿದರು. ಸತು ಹೆಚ್ಚಾದಾಗ ಕರುಳಿನ ಗೋಡೆಯ ಕೋಶಗಳಲ್ಲಿ ಮೆಟಾಲೊಥಯೊನೀನ್ ಎಂಬ ಪ್ರೋಟೀನು ಹೆಚ್ಚಾಗುತ್ತದೆ. ಅದು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಕೋಶಗಳು ಉದುರಿಹೋಗುವಾಗ ತಾಮ್ರವೂ ಹೋಗುತ್ತದೆ. ರೋಗಿಯ ಊಟದಲ್ಲಿ ತಾಮ್ರ ಕಡಿಮೆಯಾಗಿರಲಿಲ್ಲ, ಸತು ಹೆಚ್ಚಾಗಿತ್ತು. ಕೊರತೆಗೆ ಕಾರಣವನ್ನು ಆ ಸಾಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪಕ್ಕದ ಸಾಲಿನಲ್ಲಿ ಸಿಗುತ್ತದೆ.

ಈಗ ನಮ್ಮ ಊರಿನ ಕಡೆ ಬರೋಣ.

ಬೇಳೆ ಬೇಯುವ ನೀರು ಒಳ್ಳೆಯದೇ?

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಹಳ್ಳಿಗಳಲ್ಲಿ ಎರಡು ಪರೀಕ್ಷೆಗಳಿವೆ. ನಾಲಿಗೆಗೆ ಸವಳು ಅನಿಸಬಾರದು. ಬೇಳೆ ಬೇಗ ಬೇಯಬೇಕು. ಅನುಭವದಿಂದ ಬಂದ ಈ ಪರೀಕ್ಷೆಗಳಿಗೆ ರಾಸಾಯನಿಕ ಆಧಾರವೂ ಉಂಟು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಬೇಳೆಯ ಪೆಕ್ಟಿನ್ ಗಟ್ಟಿಯಾಗಿ ಬೇಳೆ ಬೇಯುವುದಿಲ್ಲ. ಸೋಡಿಯಂ ಬೈಕಾರ್ಬೊನೇಟ್ ಇರುವ ಮೆದು ನೀರಿನಲ್ಲಿ, ಅಡುಗೆ ಸೋಡಾ ಹಾಕಿದಂತೆ, ಬೇಗ ಬೇಯುತ್ತದೆ.

ತೊಡಕು ಇರುವುದು ಇಲ್ಲೇ. ಫ್ಲೋರೈಡ್ ಇಷ್ಟಪಡುವುದೂ ಇದೇ ನೀರನ್ನು. ಗ್ರಾನೈಟ್ ಮತ್ತು ಗ್ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಶಿಲೆಯಿಂದ ಎಷ್ಟು ಫ್ಲೋರೈಡ್ ನೀರಿಗೆ ಇಳಿಯಬಹುದು ಎಂಬುದನ್ನು ನೀರಿನಲ್ಲಿರುವ ಕ್ಯಾಲ್ಸಿಯಂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಕ್ಯಾಲ್ಸಿಯಂ ಫ್ಲೋರೈಡಿನ ವಿಲೇಯತಾ ಗುಣಲಬ್ಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3.2 × 10⁻¹¹. ಅಂದರೆ ಕ್ಯಾಲ್ಸಿಯಂ ಅಯಾನಿನ ಸಾರತೆಯನ್ನು ಫ್ಲೋರೈಡ್ ಸಾರತೆಯ ವರ್ಗದಿಂದ ಗುಣಿಸಿದರೆ ಇದನ್ನು ಮೀರುವಂತಿಲ್ಲ. ಪಿಯುಸಿ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ಲೀಟರಿಗೆ 160 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಗಡಸು ನೀರಿನಲ್ಲಿ ಫ್ಲೋರೈಡ್ ಸುಮಾರು 1.7 ಮಿಲಿಗ್ರಾಂ ಮೀರಲಾರದು. ಕ್ಯಾಲ್ಸಿಯಂ 40 ಮಿಲಿಗ್ರಾಂ ಆದರೆ ಫ್ಲೋರೈಡ್ 3.4ರವರೆಗೆ ಏರಬಹುದು. ಕ್ಯಾಲ್ಸಿಯಂ ಬರೀ 4 ಮಿಲಿಗ್ರಾಂ ಆದರೆ ಫ್ಲೋರೈಡ್ 10 ಮಿಲಿಗ್ರಾಂ ದಾಟಬಹುದು. (ಇದು ಗರಿಷ್ಠ ಮಿತಿಯ ಸ್ಥೂಲ ಲೆಕ್ಕ, ಶಿಲೆಯಲ್ಲಿ ಫ್ಲೋರೈಡ್ ಇಲ್ಲದಿದ್ದರೆ ನೀರಿಗೂ ಬರುವುದಿಲ್ಲ.) ಕ್ಷಾರೀಯ ನೀರಿನಲ್ಲಿ ಬೈಕಾರ್ಬೊನೇಟ್ ಇದ್ದಾಗ ಕ್ಯಾಲ್ಸಿಯಂ ಸುಣ್ಣದ ರೂಪದಲ್ಲಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಕೂತುಬಿಡುತ್ತದೆ. ಕಾವಲುಗಾರ ಹೋದ ಮೇಲೆ ಫ್ಲೋರೈಡ್ ಹೊರಬರಲು ಅಡ್ಡಿಯಿಲ್ಲ.

ನಾಲಿಗೆಗೆ ಹಿತವಾದ, ಬೇಳೆ ಬೇಗ ಬೇಯುವ ನೀರೇ ಫ್ಲೋರೈಡಿನ ದೃಷ್ಟಿಯಿಂದ ಹೆಚ್ಚು ಅನುಮಾನಕ್ಕೆ ಅರ್ಹ ಎಂದಾಯಿತು. ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಬಹುಭಾಗ ದಖ್ಖನ್ ಬಸಾಲ್ಟ್ ಶಿಲೆಯ ಮೇಲಿದೆ. ಮುದ್ದೇಬಿಹಾಳದ ಕಡೆ ಬಂದಂತೆ ಗ್ನೈಸ್ ಮತ್ತು ಗ್ರಾನೈಟ್ ತಲೆಯೆತ್ತುತ್ತವೆ. ನದಿ ದಾಟಿದರೆ ಇಳಕಲ್ಲಿನ ಹೆಸರಾಂತ ಗುಲಾಬಿ ಗ್ರಾನೈಟ್. ತಾಳಿಕೋಟೆಯ ಕಡೆ ಭೀಮಾ ಶ್ರೇಣಿಯ ಸುಣ್ಣಕಲ್ಲು. ಒಂದೇ ಜಿಲ್ಲೆಯೊಳಗೆ ಶಿಲೆ ಬದಲಾಗುತ್ತದೆ, ನೀರು ಬದಲಾಗುತ್ತದೆ. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರೂ ಬೇರೆಯಾಗಿರಬಹುದು. "ನಮ್ಮ ತಾಲ್ಲೂಕಿನ ನೀರು" ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಪ್ರತಿ ಬಾವಿಯನ್ನೂ ಪರೀಕ್ಷಿಸಬೇಕು.

ಮಿತಿ ಎಷ್ಟು? ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹ್ಯ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5. ಆದರೆ ದೇಹಕ್ಕೆ ಸೇರುವುದು ಲೀಟರಿನ ಲೆಕ್ಕವಲ್ಲ, ದಿನದ ಲೆಕ್ಕ. ದಿನಕ್ಕೆ ಒಟ್ಟು 6 ಮಿಲಿಗ್ರಾಂ ಮೀರಿದರೆ ಮೂಳೆಗಳ ಮೇಲೆ ಪರಿಣಾಮದ ಸೂಚನೆಗಳಿವೆ, 14 ಮಿಲಿಗ್ರಾಂ ಆದರೆ ಅಪಾಯ ಸ್ಪಷ್ಟ ಎಂದು ಭಾರತ ಮತ್ತು ಚೀನಾದ ಅಧ್ಯಯನಗಳ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರು ನಾಲ್ಕು ಲೀಟರ್ ನೀರು ಕುಡಿಯುವುದು ಹೆಚ್ಚೇನಲ್ಲ. 1.5 ಮಿಲಿಗ್ರಾಂನ "ಸಹ್ಯ" ನೀರಿನಿಂದಲೇ ಅವರಿಗೆ 6 ಮಿಲಿಗ್ರಾಂ ಸೇರಿತು. ಹಿಟ್ಟು ನಾದಿದ ನೀರು, ಬೇಳೆ ಬೇಯಿಸಿದ ನೀರು, ಚಹಾ ಇವನ್ನು ಇನ್ನೂ ಸೇರಿಸಿಲ್ಲ. ತಂಪು ದೇಶದಲ್ಲಿ ಕುಳಿತು ಕೆಲಸ ಮಾಡುವವರಿಗೆ ಸರಿಯಾದ ಸಂಖ್ಯೆ ನಮ್ಮ ಬಿಸಿಲಿಗೆ ಅದೇ ಅರ್ಥ ಕೊಡುವುದಿಲ್ಲ.

ರೊಟ್ಟಿಯ ಲೆಕ್ಕ

ಫ್ಲೋರೈಡ್ ಒಂದನ್ನೇ ಕಾರಣವೆಂದು ಹೇಳಿ ನಿಲ್ಲಿಸಿದರೆ ನಾವೂ ಕೋಷ್ಟಕಕ್ಕೆ ಇನ್ನೊಂದು ಸಾಲು ಸೇರಿಸಿದಂತೆ ಮಾತ್ರ. ಒಂದೇ ಬಾವಿಯ ನೀರು ಕುಡಿದ ಎಲ್ಲರ ಮೂಳೆಗಳೂ ಒಂದೇ ರೀತಿ ಹಾಳಾಗುವುದಿಲ್ಲ. ಯಾಕೆ?

ಉತ್ತರದ ಒಂದು ಭಾಗ ಊಟದ ತಟ್ಟೆಯಲ್ಲಿದೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡಿನ ಒಂದು ಪಾಲು ಅದರೊಡನೆ ಕರಗದ ಲವಣವಾಗಿ ಮಲದಲ್ಲಿ ಹೊರಹೋಗುತ್ತದೆ. ಬಾವಿಯಲ್ಲಿ ನಡೆದ ರಸಾಯನಕ್ರಿಯೆಯೇ ಕರುಳಿನಲ್ಲೂ ನಡೆಯುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಫ್ಲೋರೈಡ್ ಸರಾಗವಾಗಿ ರಕ್ತ ಸೇರುತ್ತದೆ. ಅಲ್ಲಿಂದ ಮೂಳೆಗೆ ಹೋಗಿ ಹೈಡ್ರಾಕ್ಸಿಅಪಟೈಟಿನ ಹೈಡ್ರಾಕ್ಸಿಲ್ ಸ್ಥಾನವನ್ನು ಆಕ್ರಮಿಸುತ್ತದೆ. ಫ್ಲೋರೈಡ್ ಹೊಸ ಮೂಳೆ ಕಟ್ಟುವ ಕೋಶಗಳನ್ನು ಪ್ರಚೋದಿಸುತ್ತದೆ. ಆ ಹೊಸ ಮೂಳೆಗೆ ಮತ್ತೆ ಕ್ಯಾಲ್ಸಿಯಂ ಬೇಕು. ಊಟದಿಂದ ಬಾರದಿದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿ ಚುರುಕಾಗಿ ಬೇರೆ ಮೂಳೆಯಿಂದ ಕಿತ್ತು ಕೊಡುತ್ತದೆ. ಹೀಗಾಗಿಯೇ ಒಬ್ಬನೇ ರೋಗಿಯ ಕ್ಷಕಿರಣ ಚಿತ್ರದಲ್ಲಿ ಬೆನ್ನೆಲುಬು ಅತಿಯಾಗಿ ದಟ್ಟವಾಗಿಯೂ ಕೈಕಾಲಿನ ಮೂಳೆ ಟೊಳ್ಳಾಗಿಯೂ ಕಾಣುವುದುಂಟು. ಮೂಳೆ ಹೆಚ್ಚಾಗುವ ರೋಗವೂ ಕಡಿಮೆಯಾಗುವ ರೋಗವೂ ಒಟ್ಟಿಗೇ! ಕೊರತೆಯ ಕೋಷ್ಟಕ ಇದನ್ನು ಹೇಗೆ ಹೇಳೀತು?

ರೊಟ್ಟಿಯ ಲೆಕ್ಕ ನೋಡಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 28 ಮಿಲಿಗ್ರಾಂ. ರಾಗಿಯಲ್ಲಿ 364 ಮಿಲಿಗ್ರಾಂ. ದಿನಕ್ಕೆ 400 ಗ್ರಾಂ ಧಾನ್ಯ ಉಣ್ಣುವ ದುಡಿಮೆಗಾರನಿಗೆ ರಾಗಿಯಿಂದ 1,450 ಮಿಲಿಗ್ರಾಂ ದೊರೆತರೆ ಜೋಳದಿಂದ ದೊರೆಯುವುದು 110. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1,000 ಮಿಲಿಗ್ರಾಂ ಎಂದು 2020ರ ಭಾರತೀಯ ಶಿಫಾರಸು ಹೇಳುತ್ತದೆ. (2010ರ ಶಿಫಾರಸಿನಲ್ಲಿ ಇದು 600 ಇತ್ತು. ಹಳೆಯ ಗೈಡಿನಿಂದ ಪಾಠ ಮಾಡುವ ಶಿಕ್ಷಕರು ಗಮನಿಸಬೇಕು.)

ಇದನ್ನು ಓದಿ ಜೋಳವನ್ನು ದೂರುವುದು ಬೇಡ. ಮುಂಗಾರು ಕೈಕೊಟ್ಟ ಸೀಮೆಯಲ್ಲಿ ಹಿಂಗಾರಿನ ತೇವದಲ್ಲೇ ಬೆಳೆದು ತಲೆಮಾರುಗಳನ್ನು ಸಾಕಿದ ಧಾನ್ಯ ಅದು. ನಾರು, ಕಬ್ಬಿಣ, ಪ್ರೋಟೀನಿನಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ಮೇಲು. ಆದರೆ ಜೋಳ ಎಂದೂ ಒಂಟಿಯಾಗಿ ಊಟವಾಗಿರಲಿಲ್ಲ. ರೊಟ್ಟಿಯ ಮಗ್ಗುಲಲ್ಲಿ ಮೊಸರು, ಮಜ್ಜಿಗೆ, ಎಳ್ಳು ಮತ್ತು ಗುರೆಳ್ಳು ಚಟ್ನಿ, ಹಸಿ ಸೊಪ್ಪು ಇರುತ್ತಿದ್ದವು. ಎಳ್ಳಿನಲ್ಲಿ 100 ಗ್ರಾಮಿಗೆ ಸಾವಿರ ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ. ಹಾಲು ಡೇರಿಗೆ ಹೋಗಿ, ಮನೆಯಲ್ಲಿ ಕಪ್ಪು ಚಹಾ ಉಳಿದಾಗ ತಟ್ಟೆಯ ಸಮತೋಲನ ತಪ್ಪುತ್ತದೆ. ಚಹಾ ತನ್ನ ಫ್ಲೋರೈಡನ್ನು ತರುತ್ತದೆ. ಅದರ ಟ್ಯಾನಿನ್ ಜೋಳದ ಫೈಟೇಟಿನೊಡನೆ ಸೇರಿ ಕಬ್ಬಿಣ ಹೀರಿಕೆಯನ್ನೂ ತಡೆಯುತ್ತದೆ. ಒಂದು ಲೋಟದ ಬದಲಾವಣೆ ಮೂರು ಖನಿಜಗಳ ಲೆಕ್ಕವನ್ನು ಬದಲಿಸಿತು. ಬಡ ಮನೆಯ ಮಗುವಿಗೇ ಪೆಟ್ಟು ಹೆಚ್ಚು ಬೀಳುವುದು ಈ ಕಾರಣಕ್ಕೆ.

ಅದೇ ನದಿಯ ಇನ್ನೊಂದು ಅಣೆಕಟ್ಟು

ಆಲಮಟ್ಟಿಯ ಕೆಳಗೆ ಕೃಷ್ಣೆ ಆಂಧ್ರ, ತೆಲಂಗಾಣಗಳ ಗಡಿಯಲ್ಲಿ ನಾಗಾರ್ಜುನಸಾಗರವಾಗಿ ನಿಲ್ಲುತ್ತಾಳೆ. ಫ್ಲೋರೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಆಂಧ್ರದವರಿಗೆ ಈ ರೋಗ ಹೊಸದಲ್ಲ. ಆದರೆ 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬೇರೊಂದು ರೂಪವನ್ನು ವಿವರಿಸಿದರು. ಹದಿಹರೆಯದವರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು, ಮೂಳೆಗಳು ಟೊಳ್ಳಾಗಿದ್ದವು. ಇದಕ್ಕೆ ಜೀನು ವಾಲ್ಗಮ್ ಎಂದು ಹೆಸರು.

ನೀರಿನಲ್ಲಿ ಫ್ಲೋರೈಡ್ ಮೊದಲಿನಿಂದಲೂ ಇತ್ತು. ಈ ರೂಪ ಈಗ ಯಾಕೆ? ಸಂಶೋಧಕರು ಹೀಗೆ ತರ್ಕಿಸಿದರು. ಅಣೆಕಟ್ಟು ಮತ್ತು ಕಾಲುವೆಗಳಿಂದ ನೀರು ಇಂಗಿ ಅಂತರ್ಜಲ ಮೇಲೆ ಬಂತು, ಮಣ್ಣಿನ ಕ್ಷಾರತೆ ಏರಿತು. ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣ, ಸತು ಸಸ್ಯಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಮಾಲಿಬ್ಡಿನಂ ಮಾತ್ರ ಮಾಲಿಬ್ಡೇಟ್ ಅಯಾನಾಗಿ ಹೆಚ್ಚು ಸಿಗುತ್ತದೆ. ಜೋಳ ಅದನ್ನು ಹೀರಿತು. ಮಾಲಿಬ್ಡಿನಂ ಹೆಚ್ಚಾದಾಗ ದೇಹದಿಂದ ತಾಮ್ರ ಹೊರಹೋಗುತ್ತದೆ. ಮೂಳೆಯ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ತಾಮ್ರ ಬೇಕೇ ಬೇಕು. ತಾಮ್ರವಿಲ್ಲದ ಮೂಳೆ ಬಾಗುತ್ತದೆ. ಇದೇ ಸಂಸ್ಥೆಯ ದೇವಸ್ಥಳೆ ಮತ್ತು ಸಿ. ಗೋಪಾಲನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೋಳದ ಊಟದಲ್ಲಿ ಮಾಲಿಬ್ಡಿನಂ ದಿನಕ್ಕೆ 160 ಮೈಕ್ರೋಗ್ರಾಂನಿಂದ 1,540ಕ್ಕೆ ಏರಿದಾಗ ಮೂತ್ರದ ತಾಮ್ರ 24 ಮೈಕ್ರೋಗ್ರಾಂನಿಂದ 77ಕ್ಕೆ ಏರಿತು. ತಮಿಳುನಾಡಿನ ಪರಂಬಿಕುಳಂ–ಆಳಿಯಾರ್ ಮತ್ತು ನಮ್ಮ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟುಗಳ ಸುತ್ತಲಿಂದಲೂ ಜೀನು ವಾಲ್ಗಮ್ ವರದಿಗಳು ಬಂದವು.

ಆಲಮಟ್ಟಿಯ ಓದುಗರಿಗೆ ಇದನ್ನು ಓದಿ ಎದೆ ಝಲ್ಲೆನ್ನುವುದು ಸಹಜ. ಅದೇ ನದಿ, ಅದೇ ಕಪ್ಪು ನೆಲ, ಅದೇ ಜೋಳ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ, ಈಗ ಅವರ ಹೆಸರಿನಲ್ಲೇ ಇರುವ ಜಲಾಶಯ 519.6 ಮೀಟರ್ ಮಟ್ಟದವರೆಗೆ ತುಂಬುತ್ತದೆ. ನೀರಾವರಿ ಬಂದ ಕಪ್ಪು ಭೂಮಿಯಲ್ಲಿ ಸವಳು–ಜವಳು ಸಮಸ್ಯೆಯನ್ನು ರೈತರು ಕಣ್ಣಾರೆ ಕಂಡಿದ್ದಾರೆ.

ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ನಿಂತು ಯೋಚಿಸಬೇಕು. ಈ ಸರಪಳಿಯ ಎಲ್ಲ ಕೊಂಡಿಗಳೂ ಸಮಾನವಾಗಿ ಗಟ್ಟಿಯಲ್ಲ. ದನಕುರಿಗಳಲ್ಲಿ ಮಾಲಿಬ್ಡಿನಂ ತಾಮ್ರವನ್ನು ಕಟ್ಟಿಹಾಕುವುದು ಸಂದೇಹವಿಲ್ಲದ ಸಂಗತಿ. ಇಂಗ್ಲೆಂಡಿನ ಸೋಮರ್ಸೆಟ್ ಹುಲ್ಲುಗಾವಲುಗಳಲ್ಲಿ ದನಗಳಿಗೆ ಬರುತ್ತಿದ್ದ ಭೇದಿಗೆ ಇದೇ ಕಾರಣವೆಂದು 1930ರ ದಶಕದಲ್ಲೇ ಗೊತ್ತಾಯಿತು. ಅವುಗಳ ಮೊದಲ ಹೊಟ್ಟೆಯಲ್ಲಿ ಗಂಧಕ ಮತ್ತು ಮಾಲಿಬ್ಡಿನಂ ಸೇರಿ ಥಯೋಮಾಲಿಬ್ಡೇಟ್ ಆಗುತ್ತದೆ. ಅದು ತಾಮ್ರವನ್ನು ಹಿಡಿಯುತ್ತದೆ. ಮನುಷ್ಯನಿಗೆ ಅಂಥ ಹೊಟ್ಟೆಯಿಲ್ಲ. ಅಮೆರಿಕದಲ್ಲಿ ಟರ್ನ್‌ಲಂಡ್ ಮತ್ತು ಸಂಗಡಿಗರು ದಿನಕ್ಕೆ 1,500 ಮೈಕ್ರೋಗ್ರಾಂವರೆಗೆ ಮಾಲಿಬ್ಡಿನಂ ಕೊಟ್ಟು ನೋಡಿದಾಗ ತಾಮ್ರದ ಮೇಲೆ ಪರಿಣಾಮ ಕಾಣಲಿಲ್ಲ. 1974ರ ಪ್ರಯೋಗ ಕೆಲವೇ ಜನರ ಮೇಲೆ ನಡೆದದ್ದು. ಮೂತ್ರದಲ್ಲಿ ಹೋದ 77 ಮೈಕ್ರೋಗ್ರಾಂ ತಾಮ್ರವೂ ದಿನದ ಊಟದಲ್ಲಿ ಬರುವ ಒಂದೆರಡು ಮಿಲಿಗ್ರಾಂನ ಮುಂದೆ ಚಿಕ್ಕದು. ಮತ್ತೊಂದು ಕಡೆ, ಕ್ಯಾಲ್ಸಿಯಂ ಕಡಿಮೆಯಿರುವ ಬೆಳೆಯುವ ಮಕ್ಕಳಿಗೆ ಫ್ಲೋರೈಡ್ ಹೆಚ್ಚಾದರೆ ಕಾಲು ಬಾಗುವುದನ್ನು ಮಾಲಿಬ್ಡಿನಂ ಇಲ್ಲದೆಯೂ ವಿವರಿಸಬಹುದು.

ಹಾಗಾದರೆ ಆ ಸಂಶೋಧನೆ ವ್ಯರ್ಥವೇ? ಖಂಡಿತ ಅಲ್ಲ. ಅದರ ಹಿರಿಮೆ ಇರುವುದು ಅದು ಕೇಳಿದ ಪ್ರಶ್ನೆಯಲ್ಲಿ. ಅಣೆಕಟ್ಟಿನಿಂದ ಮಣ್ಣಿಗೆ, ಮಣ್ಣಿನಿಂದ ಕಾಳಿಗೆ, ಕಾಳಿನಿಂದ ರಕ್ತಕ್ಕೆ, ರಕ್ತದಿಂದ ಮೂಳೆಗೆ ಒಂದೇ ದಾರಿಯಲ್ಲಿ ಹೆಜ್ಜೆ ಹಾಕಿ ನೋಡಿದವರು ಅವರು. ಕೃಷಿಯವರು ಮಣ್ಣನ್ನು, ಎಂಜಿನಿಯರರು ನೀರನ್ನು, ವೈದ್ಯರು ಕಾಲನ್ನು ಬೇರೆಬೇರೆಯಾಗಿ ನೋಡುವ ನಮ್ಮ ಅಭ್ಯಾಸಕ್ಕೆ ಇದು ಉತ್ತರ. ಆಲಮಟ್ಟಿಯ ಅಚ್ಚುಕಟ್ಟು ಪ್ರದೇಶಕ್ಕೂ ಇದೇ ಪ್ರಶ್ನೆಯನ್ನು ಕೇಳಬೇಕು, ಆದರೆ ಉತ್ತರವನ್ನು ನಾಗಾರ್ಜುನಸಾಗರದಿಂದ ಎರವಲು ತರಬಾರದು. ಮಣ್ಣಿನ ಪಿಎಚ್, ಜೋಳದ ತಾಮ್ರ ಮತ್ತು ಮಾಲಿಬ್ಡಿನಂ, ಮಕ್ಕಳ ಕಾಲಿನ ಅಳತೆ ಇವೆಲ್ಲ ಇಲ್ಲಿಯೇ ಅಳೆದು ತಿಳಿಯಬೇಕಾದವು.

ಅಣೆಕಟ್ಟಿಗೆ ಇನ್ನೊಂದು ಮುಖವೂ ಇದೆ. ಮಳೆ ಮತ್ತು ನದಿಯ ಮೇಲ್ಮೈ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ತೀರ ಕಡಿಮೆ. ವಿಜಯಪುರ ನಗರ ಕೊಲ್ಹಾರದ ಬಳಿಯಿಂದ ಕೃಷ್ಣೆಯ ನೀರು ಪಡೆಯುತ್ತದೆ. ಹಳ್ಳಿಗಳಿಗೂ ನದಿಯ ನೀರು ಮುಟ್ಟಿದಷ್ಟೂ ಫ್ಲೋರೋಸಿಸ್ ಹಿಂದೆ ಸರಿಯುತ್ತದೆ. ಕಾಲುವೆಯಲ್ಲಿ ಹರಿದು ಮಣ್ಣಿನ ಸಮತೋಲನ ಕದಡಬಲ್ಲ ನೀರೇ, ಕೊಳಾಯಿಯಲ್ಲಿ ಬಂದರೆ ದೇಹದ ಸಮತೋಲನ ಕಾಯಬಲ್ಲುದು.

ಪರಿಹಾರಗಳಲ್ಲೂ ಅದೇ ದೋಷ

ಕೋಷ್ಟಕದ ಮನೋಭಾವ ಪರಿಹಾರಗಳಲ್ಲೂ ಕಾಣುತ್ತದೆ. ಮೊದಲನೆಯದು ಟಿಡಿಎಸ್ ಕಡ್ಡಿ. ನೀರಿನಲ್ಲಿ ಅದ್ದಿದರೆ ಸಂಖ್ಯೆ ತೋರಿಸುವ ಈ ಸಾಧನ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಒಟ್ಟು ಕರಗಿದ ಲವಣಗಳ ಅಂದಾಜು ಸಿಗುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂಬುದು ಅದಕ್ಕೆ ಗೊತ್ತಿಲ್ಲ. ಟಿಡಿಎಸ್ 600 ಇರುವ ಮೆದು ನೀರಿನಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಇರಬಹುದು; 1,500 ಇರುವ ಗಡಸು ನೀರಿನಲ್ಲಿ 1ಕ್ಕಿಂತ ಕಡಿಮೆ ಇರಬಹುದು. ಕಡ್ಡಿ ಮೊದಲನೆಯದನ್ನೇ ಹೊಗಳುತ್ತದೆ.

ಎರಡನೆಯದು ಆರ್‌ಒ ಘಟಕ. ಊರೂರಿನ ಶುದ್ಧ ನೀರಿನ ಘಟಕಗಳು ಫ್ಲೋರೈಡನ್ನು ಚೆನ್ನಾಗಿ ತೆಗೆಯುತ್ತವೆ; ನದಿಯ ನೀರು ಬಾರದ ಊರಿಗೆ ಅವು ವರವೇ ಸರಿ. ಆದರೆ ಅವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ತೆಗೆಯುತ್ತವೆ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದ ನೀರನ್ನು ಮೂರು ಲೀಟರ್ ಕುಡಿಯುತ್ತಿದ್ದವರಿಗೆ ನೀರಿನಿಂದಲೇ 300 ಮಿಲಿಗ್ರಾಂ ಬರುತ್ತಿತ್ತು. ಹಾಲು ಕಾಣದ ಮನೆಗೆ ಅದು ಸಣ್ಣ ಪಾಲಲ್ಲ. ಆದ್ದರಿಂದ ಆರ್‌ಒ ನೀರಿನ ಜೊತೆಗೆ ತಟ್ಟೆಯಲ್ಲಿ ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ಬರಬೇಕು. ಘಟಕ ಹೊರಹಾಕುವ ನೀರಿನಲ್ಲಿ ಫ್ಲೋರೈಡ್ ಸಾಂದ್ರವಾಗಿರುತ್ತದೆ. ಅದನ್ನು ಬಾವಿಯ ಪಕ್ಕ ಇಂಗಿಸಿದರೆ ತೆಗೆದದ್ದನ್ನು ಮತ್ತೆ ಸೇರಿಸಿದಂತೆ.

ಮೂರನೆಯದು ಮಾತ್ರೆ. ಕ್ಯಾಲ್ಸಿಯಂ ಒಳ್ಳೆಯದೆಂದು ಊಟದೊಡನೆ ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ಕುಗ್ಗಿಸುತ್ತದೆ. ಎರಡನ್ನೂ ಬೇರೆಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿ. ಮದ್ದಿನ ಅಂಗಡಿಯ "ಬಹುಖನಿಜ" ಡಬ್ಬಿಗೆ ಊರೂ ಗೊತ್ತಿಲ್ಲ, ಊಟವೂ ಗೊತ್ತಿಲ್ಲ.

ಕೋಷ್ಟಕವನ್ನು ತಿದ್ದೋಣ

ಹಾಗೆಂದು ಗೋಡೆಯ ಕೋಷ್ಟಕವನ್ನು ಹರಿದೆಸೆಯಬೇಕಾಗಿಲ್ಲ. ಅದಕ್ಕೆ ಮೂರು ಸಾಲುಗಳನ್ನು ಸೇರಿಸಿದರೆ ಸಾಕು: ದಿನಕ್ಕೆ ಎಷ್ಟು ಬೇಕು, ಹೆಚ್ಚಾದರೆ ಏನು, ಯಾವುದು ಇದನ್ನು ತಡೆಯುತ್ತದೆ, ಯಾವುದು ಒದಗಿಸುತ್ತದೆ. ನಾಲ್ಕನೆಯ ಸಾಲನ್ನು ಖಾಲಿ ಬಿಡಿ. ಅದರ ತಲೆಬರಹ "ನಮ್ಮ ಊರಿನಲ್ಲಿ". ಅದನ್ನು ಮಕ್ಕಳೇ ತುಂಬಲಿ.

ತುಂಬುವುದು ಕಷ್ಟವಲ್ಲ. ಜಿರ್ಕೋನಿಯಂ–ಅಲಿಜರಿನ್ ದ್ರಾವಣದ ಸರಳ ಪರೀಕ್ಷೆಯಲ್ಲಿ ಫ್ಲೋರೈಡ್ ಹೆಚ್ಚಿದಂತೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ನೀರು ಪರೀಕ್ಷೆಯ ಕಿಟ್ಟುಗಳಲ್ಲಿ ಇದೇ ತತ್ತ್ವವಿದೆ. ಮಕ್ಕಳು ತಮ್ಮ ಓಣಿಯ ಪ್ರತಿ ಬೋರಿನ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷಿಸಿ, ಊರಿನ ನಕ್ಷೆಯಲ್ಲಿ ಗುರುತು ಮಾಡಲಿ. ಅನುಮಾನವಿದ್ದ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಸಾಬೂನಿನ ನೊರೆಯಿಂದ ಗಡಸುತನ ನೋಡಿ, ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದರೆ ಕ್ಯಾಲ್ಸಿಯಂ–ಫ್ಲೋರೈಡ್ ಸಂಬಂಧವನ್ನು ಅವರು ಪುಸ್ತಕವಿಲ್ಲದೆ ಕಂಡುಕೊಳ್ಳುತ್ತಾರೆ. ಒಂದು ವಾರದ ಊಟವನ್ನು ಬರೆದಿಟ್ಟು ಕ್ಯಾಲ್ಸಿಯಂ ಲೆಕ್ಕ ಹಾಕಲಿ. ಹಲ್ಲಿನ ಕಲೆಯನ್ನು ಎಣಿಸುವಾಗ ಮಾತ್ರ ಯಾವ ಮಗುವನ್ನೂ ತರಗತಿಯ ಮುಂದೆ ನಿಲ್ಲಿಸಬಾರದು.

ಒಂದು ಮಾತನ್ನು ಶಿಕ್ಷಕರು ಮರೆಯಬಾರದು. ಮೂರನೆಯ ದವಡೆ ಹಲ್ಲನ್ನು ಬಿಟ್ಟರೆ ಶಾಶ್ವತ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಕಲೆ ಕಾಣುವುದು ಹಲ್ಲು ಹುಟ್ಟಿದ ಮೇಲೆ. ಕೆಡುಕು ಆಗುವುದು ಅದಕ್ಕೆ ಮೊದಲೇ, ವಸಡಿನ ಒಳಗೆ. ಪ್ರೌಢಶಾಲೆಯ ಮಗುವಿನ ಹಲ್ಲಿನ ಕಲೆ ಅದರ ಅಂಗನವಾಡಿ ದಿನಗಳ ನೀರಿನ ದಾಖಲೆ. ಅದನ್ನು ನೋಡಿ ಗದರುವ ಬದಲು ಓದಬೇಕು. ಆ ಹುಡುಗಿಯ ಹಲ್ಲನ್ನು ಸರಿಪಡಿಸುವ ಕಾಲ ಮೀರಿರಬಹುದು, ಆದರೆ ಅವಳ ಮೂಳೆಗೆ ಇನ್ನೂ ಕಾಲವಿದೆ. ಮನೆಯಲ್ಲಿ ತೊಟ್ಟಿಲಲ್ಲಿರುವ ಅವಳ ತಮ್ಮನಿಗೆ ಹಲ್ಲಿಗೂ ಕಾಲವಿದೆ. ಇಂದು ಅವನಿಗೆ ಯಾವ ಬಾವಿಯ ನೀರು ಕುಡಿಸುತ್ತಿದ್ದಾರೆ ಎಂದು ಕೇಳುವುದರಿಂದ ಖನಿಜಗಳ ಪಾಠ ಆರಂಭವಾಗಲಿ.